ಬುತ್ತಿಯ ಮಾತು, ಪಾಳಿಯ ಗಡಿಯಾರ

ಇಂಗ್ಲೆಂಡಿನ ಲೀಡ್ಸ್ ವಿಶ್ವವಿದ್ಯಾಲಯದಲ್ಲಿ ‘ಲೀಡ್ಸ್ ಆರ್ಕೈವ್ ಆಫ್ ವರ್ನಾಕ್ಯುಲರ್ ಕಲ್ಚರ್’ ಎಂಬ ಸಂಗ್ರಹವಿದೆ. ಹೆಸರು ಭಾರವಾದದ್ದು, ಒಳಗಿರುವುದು ಮಾತ್ರ ಮನೆಮಾತು: ಹಳ್ಳಿಯ ಮುದುಕರ ಧ್ವನಿ ಹಿಡಿದ ಟೇಪುಗಳು, ಉತ್ತರಗಳನ್ನು ಗುರುತು ಹಾಕಿಕೊಂಡ ಪುಸ್ತಕಗಳು, ವಿದ್ಯಾರ್ಥಿಗಳ ಪ್ರಬಂಧಗಳು, ಫೋಟೋಗಳು. ಇದಕ್ಕೆ ಬುನಾದಿ ಹಾಕಿದ್ದು ಲೀಡ್ಸ್‌ನ ಹೆರಾಲ್ಡ್ ಆರ್ಟನ್ ಮತ್ತು ಜ್ಯೂರಿಕ್‌ನ ಆಯ್ಗೆನ್ ಡೀಟ್ ಸೇರಿ ಯೋಜಿಸಿದ ಇಂಗ್ಲಿಷ್ ಉಪಭಾಷೆಗಳ ಸಮೀಕ್ಷೆ. 1950ರಿಂದ 1961ರವರೆಗೆ 313 ಊರುಗಳಲ್ಲಿ ಈ ಕೆಲಸ ನಡೆಯಿತು. ಪ್ರಶ್ನಾವಳಿಯಲ್ಲಿದ್ದ ಪ್ರಶ್ನೆಗಳು 1,300ಕ್ಕೂ ಹೆಚ್ಚು. ಕೇಳುವ ರೀತಿಯಲ್ಲಿ ಜಾಣತನವಿತ್ತು. ಕೇಳುವವನು ವಸ್ತುವಿನ ಹೆಸರು ಹೇಳಕೂಡದು. ಅದನ್ನು ವರ್ಣಿಸಬೇಕು ಇಲ್ಲವೇ ತೋರಿಸಬೇಕು, ಹೆಸರು ಎದುರಿಗಿದ್ದವರ ಬಾಯಿಂದಲೇ ಬರಬೇಕು. ಹೊಲ, ದನಕರು, ಮಳೆಗಾಳಿಗಳ ಜೊತೆಗೆ ಮನೆ ಮತ್ತು ಮನೆಗೆಲಸಕ್ಕೂ ಒಂದು ಇಡೀ ಭಾಗ ಮೀಸಲಾಗಿತ್ತು. ಭಾಷಾವಿಜ್ಞಾನಿಗಳಿಗೆ ಬೇಕಾಗಿದ್ದದ್ದು ಉಚ್ಚಾರ ಮತ್ತು ಪದಗಳ ನಕಾಶೆ. ಆದರೆ ಈ ಸಾಮಗ್ರಿಯಿಂದ ಇನ್ನೊಂದು ಸಂಗತಿಯೂ ಹೊರಬೀಳುತ್ತದೆ ಎಂಬುದು ನನ್ನ ವಾದ. ಉತ್ತರ ಇಂಗ್ಲೆಂಡಿನ ದುಡಿಯುವ ಮನೆಗಳ ಊಟಕ್ಕೂ ಮಾತಿಗೂ ರೂಪ ಕೊಟ್ಟದ್ದು ಕೆಲಸದ ವೇಳೆ. ಹಾಗಾಗಿ ಅಡುಗೆಯನ್ನು ಪಾಕಪುಸ್ತಕಕ್ಕೂ ನುಡಿಯನ್ನು ನಿಘಂಟಿಗೂ ಬೇರೆ ಬೇರೆಯಾಗಿ ಒಪ್ಪಿಸಿಬಿಟ್ಟರೆ ಎರಡೂ ಅರೆಬರೆಯಾಗುತ್ತವೆ.

ಓದಿದವರು ಬಡವರ ಮಾತನ್ನು ಚಿಟ್ಟೆ ಹಿಡಿದಂತೆ ಹಿಡಿದು ಗಾಜಿನ ಪೆಟ್ಟಿಗೆಯಲ್ಲಿಟ್ಟರು ಎಂಬ ಆಕ್ಷೇಪ ಇಂಥ ಸಂಗ್ರಹಗಳ ಮೇಲೆ ಇದ್ದೇ ಇದೆ. ಇಲ್ಲಿ ಅದು ಅಷ್ಟು ಸಲೀಸಾಗಿ ಅಂಟುವುದಿಲ್ಲ. ಆರ್ಟನ್ ಅವರಿಗಿಂತ ಮೊದಲೇ ಈ ದಾರಿ ತುಳಿದ ಜೋಸೆಫ್ ರೈಟ್ 1855ರಲ್ಲಿ ಬ್ರಾಡ್‌ಫರ್ಡ್ ಬಳಿ ಹುಟ್ಟಿದವರು. ಆರನೇ ವಯಸ್ಸಿಗೆ ಕಲ್ಲುಗಣಿಯಲ್ಲಿ ಕತ್ತೆಗಾಡಿ ಹೊಡೆದು, ಆಮೇಲೆ ಸಾಲ್ಟೇರ್‌ನ ಗಿರಣಿಯಲ್ಲಿ ನೂಲು ತುಂಬಿದ ಉರುಳೆ ತೆಗೆದು ಖಾಲಿ ಉರುಳೆ ಹಾಕುವ ಹುಡುಗನಾದರು. ಓದುಬರಹ ಕಲಿತದ್ದು ಹದಿನೈದರ ಹೊತ್ತಿಗೆ, ಅದೂ ಸ್ವಂತ ಪ್ರಯತ್ನದಿಂದ. ಅಲ್ಲಿಂದ ಹೈಡೆಲ್‌ಬರ್ಗ್‌ನ ಡಾಕ್ಟರೇಟ್, ಆಕ್ಸ್‌ಫರ್ಡ್‌ನ ಪ್ರಾಧ್ಯಾಪಕ ಪೀಠ. ತಾವು ಬೆಳೆದ ವಿಂಡ್‌ಹಿಲ್‌ನ ಆಡುನುಡಿಗೆ 1892ರಲ್ಲಿ ವ್ಯಾಕರಣ ಬರೆದ ಇವರು, 1898ರಿಂದ 1905ರೊಳಗೆ ಆರು ಸಂಪುಟಗಳ ಇಂಗ್ಲಿಷ್ ಉಪಭಾಷಾ ನಿಘಂಟನ್ನು ಹೊರತಂದರು. ಅದಕ್ಕೆ ಪದ ಕೂಡಿಸಿಕೊಟ್ಟ ಬಳಗದಿಂದಲೇ 1897ರಲ್ಲಿ ಯಾರ್ಕ್‌ಷೈರ್ ಡಯಲೆಕ್ಟ್ ಸೊಸೈಟಿ ಹುಟ್ಟಿತು, ಇವತ್ತಿಗೂ ಇದೆ. ಆರ್ಟನ್ ಕೂಡ ಡರ್ಹಮ್ ಸೀಮೆಯ ಕಲ್ಲಿದ್ದಲ ಗಣಿಯ ಊರಾದ ಬೈಯರ್ಸ್ ಗ್ರೀನ್‌ನವರು. ಅವರ ಮೊದಲ ದೊಡ್ಡ ಅಧ್ಯಯನ ಆ ಊರಿನ ಉಚ್ಚಾರದ್ದೇ.

ಇನ್ನು ಪುರಾವೆಗೆ ಬರೋಣ. ಉತ್ತರದವರ ಊಟ ಎಂದೊಡನೆ ಬಡತನದ ಊಟ ಎನ್ನುವುದು ರೂಢಿ. ಫ್ರೆಡರಿಕ್ ಮಾರ್ಟನ್ ಈಡನ್ 1797ರಲ್ಲಿ ಪ್ರಕಟಿಸಿದ ಬಡವರ ಸ್ಥಿತಿಗತಿಯ ಗ್ರಂಥ ಬೇರೆ ಚಿತ್ರ ಕೊಡುತ್ತದೆ: ದಕ್ಷಿಣದ ಕೂಲಿಕಾರರು ಒಣ ಬ್ರೆಡ್ಡು, ಟೀಯಲ್ಲಿ ದಿನ ತಳ್ಳುತ್ತಿದ್ದಾಗ ಉತ್ತರದವರು ಓಟ್ಸ್ ಗಂಜಿ, ಬಾರ್ಲಿ ಹಾಕಿದ ಸಾರು, ಆಲೂಗಡ್ಡೆ ಎಂದು ಬಿಸಿಬಿಸಿಯಾಗಿ ಉಣ್ಣುತ್ತಿದ್ದರು. ವ್ಯತ್ಯಾಸಕ್ಕೆ ಒಂದು ದೊಡ್ಡ ಕಾರಣ ಉರುವಲು. ಗಣಿ ಹತ್ತಿರವಿದ್ದಲ್ಲಿ ಕಲ್ಲಿದ್ದಲು ಅಗ್ಗ, ಗಣಿ ಕೆಲಸಗಾರರಿಗೆ ಸಂಬಳದ ಜೊತೆಗೆ ಕಲ್ಲಿದ್ದಲೂ ಸಿಗುತ್ತಿತ್ತು. ಒಲೆ ಆರದ ಮನೆಯಲ್ಲಿ ಬ್ರೆಡ್ಡನ್ನು ಅಂಗಡಿಯಿಂದ ತರುವ ಜರೂರಿಲ್ಲ. ನ್ಯೂಕಾಸಲ್ ಕಡೆಯ ಚಪ್ಪಟೆ, ದಪ್ಪ ‘ಸ್ಟಾಟಿ’ ಓವನ್ನಿನ ತಳದ ಮೇಲೆ ಬೇಯುವ ಬ್ರೆಡ್ಡು. ಮಾಂಸ, ಈರುಳ್ಳಿಯ ಮೇಲೆ ಆಲೂಗಡ್ಡೆ ಬಿಲ್ಲೆ ಹೊದಿಸಿ ಗಂಟೆಗಟ್ಟಲೆ ಸಣ್ಣ ಉರಿಯಲ್ಲಿ ಬಿಡುವ ಲ್ಯಾಂಕಷೈರ್ ಹಾಟ್‌ಪಾಟ್ ಕೂಡ, ಹತ್ತಿರ ನಿಂತು ನೋಡಿಕೊಳ್ಳಲು ಯಾರಿಗೂ ಪುರುಸೊತ್ತಿಲ್ಲದ ಮನೆಗೆ ಹೇಳಿ ಮಾಡಿಸಿದ ಅಡುಗೆ. ಗೋಧಿ ಸರಿಯಾಗಿ ಬಾರದ ತೇವದ ಗುಡ್ಡಗಾಡಿನಲ್ಲಿ ಓಟ್ಸ್ ರೊಟ್ಟಿಯನ್ನು ಅಟ್ಟಕ್ಕೆ ತೂಗುಹಾಕಿದ ಚೌಕಟ್ಟಿನ ಮೇಲೆ ಒಣಗಿಸಿ ಇಟ್ಟುಕೊಳ್ಳುತ್ತಿದ್ದರು. ಕೆಲಸಕ್ಕೆ ಕಟ್ಟಿಕೊಂಡು ಹೋಗುವ ಬುತ್ತಿಯ ಹೆಸರುಗಳನ್ನು ನೋಡಿದರೆ ವಾದ ಇನ್ನೂ ಗಟ್ಟಿಯಾಗುತ್ತದೆ. ನಾಟಿಂಗ್‌ಹ್ಯಾಮ್, ಡರ್ಬಿ, ದಕ್ಷಿಣ ಯಾರ್ಕ್‌ಷೈರಿನ ಗಣಿಗಳಲ್ಲಿ ಅದು ‘ಸ್ನ್ಯಾಪ್’, ಡರ್ಹಮ್ ಮತ್ತು ನಾರ್ಥಂಬರ್ಲೆಂಡಿನಲ್ಲಿ ‘ಬೇಟ್’, ಲ್ಯಾಂಕಷೈರಿನಲ್ಲಿ ‘ಬ್ಯಾಗಿನ್’. ಸ್ನ್ಯಾಪ್ ಮೂರು ಕೌಂಟಿಗಳ ಗಡಿಯನ್ನು ಲೆಕ್ಕಿಸದೆ ಕಲ್ಲಿದ್ದಲ ಪದರದ ಜೊತೆಯಲ್ಲೇ ಸಾಗುತ್ತದೆ. ಆ ಬುತ್ತಿಯ ತಗಡಿನ ಡಬ್ಬಿಗೆ ಬ್ರೆಡ್ಡಿನ ಹೋಳಿನ ಆಕಾರವನ್ನೇ ಕೊಟ್ಟಿದ್ದರು. ಸುರಂಗದ ಇಲಿಗೂ ದೂಳಿಗೂ ಅದೇ ತಡೆ.

ಗಿರಣಿಯ ಊರುಗಳಲ್ಲಿ ಸಂಗತಿ ಇನ್ನಷ್ಟು ಸಿಕ್ಕುಸಿಕ್ಕು. ಲ್ಯಾಂಕಷೈರಿನ ಹತ್ತಿ ಗಿರಣಿಗಳಲ್ಲಿ ಮದುವೆಯಾದ ಹೆಂಗಸರೂ ದೊಡ್ಡ ಸಂಖ್ಯೆಯಲ್ಲಿ ದುಡಿಯುತ್ತಿದ್ದರು. ಮಗ್ಗಗಳ ಅಬ್ಬರದಲ್ಲಿ ಕಿವಿ ಕೇಳಿಸದು. ಹಾಗಾಗಿ ತುಟಿಯನ್ನು ಅಗಲವಾಗಿ ಆಡಿಸಿ, ಮುಖದಲ್ಲೇ ಮಾತು ಮೂಡಿಸುವ ‘ಮೀ-ಮಾ’ ಎಂಬ ಕ್ರಮ ಬೆಳೆಯಿತು. ಅದೇ ಹೆಂಗಸರ ಮನೆಗಳಿಗೆ ಬೇಯಿಸಿದ ಟ್ರೈಪ್, ಅಂದರೆ ದನದ ಹೊಟ್ಟೆಯ ಮಾಂಸ, ದನದ ಕಾಲು, ಕರಿದ ಮೀನು ಮತ್ತು ಆಲೂಗಡ್ಡೆ ಅಂಗಡಿಯಿಂದ ಬಂದವು. ಗಿರಣಿ ಹೆಂಗಸಿಗೆ ಅಡುಗೆ ಬಾರದು, ಸೋಮಾರಿ, ದುಡ್ಡು ದಂಡ ಮಾಡುತ್ತಾಳೆ ಎಂದು ಉಪದೇಶಕರು ಬಯ್ದರು. ಇತಿಹಾಸಕಾರ್ತಿ ಎಲಿಜಬೆತ್ ರಾಬರ್ಟ್ಸ್ ಬ್ಯಾರೋ, ಲ್ಯಾಂಕಾಸ್ಟರ್, ಪ್ರೆಸ್ಟನ್ ಊರುಗಳ ವೃದ್ಧರ ನೆನಪುಗಳನ್ನು ದಾಖಲಿಸಿಕೊಂಡು 1984ರಲ್ಲಿ ಬರೆದ ಪುಸ್ತಕದಲ್ಲಿ ಕಾಣುವ ಹೆಂಗಸರು ಬೇರೆಯೇ: ಕಡಿಮೆ ದುಡ್ಡಿನಲ್ಲಿ ಮನೆ ತೂಗಿಸಬಲ್ಲ, ಲೆಕ್ಕ ಬಲ್ಲ ಗೃಹಿಣಿಯರು. ದಿನವಿಡೀ ಮಗ್ಗದ ಮುಂದೆ ನಿಂತವಳು ಅಂಗಡಿಯಿಂದ ಊಟ ತರುವುದು ಅಜ್ಞಾನವಲ್ಲ, ಗಂಟೆಗಳ ಲೆಕ್ಕ. ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷ್ ಸರ್ಕಾರ ಮೀನು-ಚಿಪ್ಸ್‌ಗೆ ಪಡಿತರ ವಿಧಿಸಲಿಲ್ಲ. ಕಾರ್ಮಿಕರ ಮನೆಗಳಲ್ಲಿ ಅದರ ಜಾಗವೇನು ಎಂಬುದು ಅಷ್ಟರಲ್ಲಿ ಆಳುವವರಿಗೂ ಗೊತ್ತಾಗಿತ್ತು.

ನಿಜವಾದ ಆಕ್ಷೇಪ ಇನ್ನೊಂದಿದೆ. ನೆನಪು ಸಿಹಿಯಾದದ್ದನ್ನು ಉಳಿಸಿಕೊಂಡು ಹಸಿವನ್ನು ಮರೆಸುತ್ತದೆ, ಪಾರ್ಕಿನ್ ಕೇಕು ಮತ್ತು ಅಜ್ಜಿಯ ಮಾತುಗಳ ಬಗ್ಗೆ ಹಿತವಾಗಿ ಬರೆಯುವುದು ಬಡತನಕ್ಕೆ ಸುಣ್ಣ ಬಳಿದಂತೆ ಎನ್ನುತ್ತಾರೆ. ಇದರಲ್ಲಿ ಹುರುಳಿದೆ. ಸೀಬೋಮ್ ರೌಂಟ್ರಿ 1899ರಲ್ಲಿ ಯಾರ್ಕ್ ಪಟ್ಟಣದ ಕಾರ್ಮಿಕರ ಮನೆಮನೆಯ ಲೆಕ್ಕ ತೆಗೆದಾಗ ಒಟ್ಟು ಜನರಲ್ಲಿ ಶೇ 27.84 ಮಂದಿ ಬಡತನದಲ್ಲಿದ್ದರು. ಈ ಅಂಕಿಯನ್ನು ಯಾವ ನೆನಪೂ ಅಲ್ಲಗಳೆಯಲಾರದು. ಆದರೆ ಅಂಕಿ ಹೇಳದ್ದನ್ನು ಊಟದ ಕಟ್ಟಳೆ ಹೇಳುತ್ತದೆ. ಹಿಟ್ಟು, ಮೊಟ್ಟೆ, ಹಾಲು ಕಲಸಿ ಬೇಯಿಸಿದ ಯಾರ್ಕ್‌ಷೈರ್ ಪುಡ್ಡಿಂಗನ್ನು ಮಾಂಸದ ಜೊತೆಗಲ್ಲ, ಮಾಂಸಕ್ಕಿಂತ ಮೊದಲು ಗ್ರೇವಿ ಸುರಿದು ಬಡಿಸುತ್ತಿದ್ದರು. ಹೊಟ್ಟೆ ಅರ್ಧ ತುಂಬಿದರೆ ಇರುವ ಮಾಂಸ ಎಲ್ಲರಿಗೂ ಸಾಕಾಗುತ್ತದೆ. ಭಾನುವಾರದ ಮಾಂಸ ಸೋಮವಾರ ತಣ್ಣಗೆ ತಟ್ಟೆಗೆ ಬರುತ್ತಿತ್ತು, ಯಾಕೆಂದರೆ ಸೋಮವಾರ ಬಟ್ಟೆ ಒಗೆಯುವ ದಿನ, ಅಡುಗೆಗೆ ಕೈ ಬಿಡುವಿಲ್ಲ. ಇಳಿದ ಕೊಬ್ಬು ಬ್ರೆಡ್ಡಿಗೆ. ನೆನಪು ಹಸಿವನ್ನು ಮುಚ್ಚಿಡುವುದು ಅದನ್ನು ಬರಿಯ ರುಚಿ ಎಂದು ಕೇಳಿಸಿಕೊಂಡಾಗ. ಯಾರು ಮೊದಲು ಉಂಡರು, ಯಾವ ವಾರ, ಎಷ್ಟು ಹೊತ್ತಿಗೆ ಎಂದು ಕೇಳಿದರೆ ಹಸಿವು ತಾನಾಗಿ ಲೆಕ್ಕಕ್ಕೆ ಬರುತ್ತದೆ.

ಈ ಮಾತನ್ನು ಲೀಡ್ಸ್‌ನ ಸಂಗ್ರಹಕ್ಕೂ ಅನ್ವಯಿಸಬೇಕು. ಸಮೀಕ್ಷೆ ಹುಡುಕಿದ್ದು ಸಣ್ಣ ಹಳ್ಳಿಗಳನ್ನು, ಊರು ಬಿಟ್ಟು ಹೋಗದ ವೃದ್ಧರನ್ನು. ಅವರಲ್ಲಿ ಬಹುಪಾಲು ಗಂಡಸರು. ಉತ್ತರದ ಆರು ಕೌಂಟಿ ಮತ್ತು ಮ್ಯಾನ್ ದ್ವೀಪದ 75 ಊರುಗಳ ಉತ್ತರಗಳು 1962ರಲ್ಲಿ ಪ್ರಕಟವಾದಾಗ ಗಿರಣಿ ಕಾರ್ಮಿಕರ ಬೀದಿಗಳು ಅದರಲ್ಲಿ ಹೆಚ್ಚುಕಡಿಮೆ ಇರಲಿಲ್ಲ. 1964ರಲ್ಲಿ ಅದೇ ವಿಶ್ವವಿದ್ಯಾಲಯದಲ್ಲಿ ತೆರೆದ ಉಪಭಾಷೆ ಮತ್ತು ಜನಪದ ಜೀವನ ಸಂಸ್ಥೆ ಈ ಕೊರತೆಯನ್ನು ಸ್ವಲ್ಪ ತುಂಬಿತು. 1980ರ ದಶಕದಲ್ಲಿ ಅದೂ ಮುಚ್ಚಿತು. ಇತ್ತೀಚಿನ ವರ್ಷಗಳಲ್ಲಿ ವಿಶ್ವವಿದ್ಯಾಲಯ ಹಳೆಯ ಧ್ವನಿಮುದ್ರಣಗಳನ್ನು ಮ್ಯೂಸಿಯಂಗಳ ಮೂಲಕ ಆಯಾ ಸೀಮೆಯವರಿಗೆ ಕೇಳಿಸಿ, ಈಗಿನವರ ಮಾತನ್ನೂ ಸೇರಿಸಿಕೊಂಡದ್ದು ಒಳ್ಳೆಯ ಹೆಜ್ಜೆ. ಕೆಲಸದ ವೇಳೆಯೇ ಊಟ ಮತ್ತು ನುಡಿಯನ್ನು ರೂಪಿಸುತ್ತದೆ ಎಂಬುದು ಸರಿಯಾದರೆ, 1950ರ ದಶಕದಿಂದ ಬ್ರಾಡ್‌ಫರ್ಡ್‌ನ ಉಣ್ಣೆ ಗಿರಣಿಗಳ ರಾತ್ರಿಪಾಳಿಗೆ ಬಂದ ಕಾಶ್ಮೀರದ ಮೀರ್‌ಪುರದವರ, ಪಂಜಾಬಿಗಳ ಬುತ್ತಿಯೂ ಅವರ ಮಕ್ಕಳ ಯಾರ್ಕ್‌ಷೈರ್ ಇಂಗ್ಲಿಷೂ ಇದೇ ಕಪಾಟಿಗೆ ಸೇರಬೇಕು. ಬ್ರಾಡ್‌ಫರ್ಡ್ ಹೆರಿಟೇಜ್ ರೆಕಾರ್ಡಿಂಗ್ ಯೂನಿಟ್ 1980ರ ದಶಕದಲ್ಲೇ ಅಂಥ ಕಾರ್ಮಿಕರ ಮಾತುಗಳನ್ನು ಧ್ವನಿಮುದ್ರಿಸಿಕೊಳ್ಳಲು ಶುರುಮಾಡಿತ್ತು.