ಬೆದರಿಕೆ ಮಾದರಿ ರಚನೆ

ಬೆದರಿಕೆ ಮಾದರಿ ರಚನೆ ಅಥವಾ ಥ್ರೆಟ್ ಮಾಡೆಲಿಂಗ್ ಎಂಬುದು ತಂತ್ರಾಂಶವೊಂದರ ಮೇಲೆ ಯಾರು, ಯಾವ ದಾರಿಯಿಂದ ದಾಳಿ ನಡೆಸಬಹುದು ಎಂಬುದನ್ನು ವಿನ್ಯಾಸದ ಹಂತದಲ್ಲಿಯೇ ಕ್ರಮಬದ್ಧವಾಗಿ ಗುರುತಿಸಿ, ತಕ್ಕ ರಕ್ಷಣೆಯನ್ನು ಯೋಜಿಸುವ ವಿಧಾನ. ಕೋಡ್ ಬರೆಯುವಾಗ ನುಸುಳಿದ ತಪ್ಪನ್ನು ಪರೀಕ್ಷೆಯಲ್ಲಿ ಕಂಡು ತಿದ್ದಬಹುದು. ವಿನ್ಯಾಸದಲ್ಲಿಯೇ ಉಳಿದ ದೋಷ ಹಾಗೆ ಸುಲಭವಾಗಿ ಸಿಗದು. ಏಕೆಂದರೆ ಅಲ್ಲಿ ತಂತ್ರಾಂಶವು ತನಗೆ ವಿಧಿಸಿದಂತೆಯೇ ಕೆಲಸ ಮಾಡುತ್ತಿರುತ್ತದೆ.

ಇಮೇಲ್‌ನ ನಿದರ್ಶನ

1982ರಲ್ಲಿ ಜಾನ್ ಪೋಸ್ಟೆಲ್ ಪ್ರಕಟಿಸಿದ ಎಸ್‌ಎಂಟಿಪಿ ನಿಯಮಾವಳಿಯಲ್ಲಿ ಕಳುಹಿಸಿದವರ ವಿಳಾಸ ನಿಜವೇ ಎಂದು ಪರಿಶೀಲಿಸುವ ವ್ಯವಸ್ಥೆ ಇರಲಿಲ್ಲ. ಅಂದಿನ ಜಾಲದಲ್ಲಿದ್ದವರು ಬಹುಮಟ್ಟಿಗೆ ವಿಶ್ವವಿದ್ಯಾಲಯಗಳ ಹಾಗೂ ಸಂಶೋಧನಾ ಸಂಸ್ಥೆಗಳವರು; ಅವರಿಗೆ ಇದೊಂದು ದೊಡ್ಡ ಕೊರತೆಯಾಗಿ ಕಂಡಿರಲಾರದು. ಜಾಲವು ಸಾರ್ವಜನಿಕರಿಗೆ ತೆರೆದುಕೊಂಡ ಮೇಲೆ, ಅಂಚೆ ಲಕೋಟೆಯ ಮೇಲೆ ಯಾರ ಹೆಸರನ್ನಾದರೂ ಬರೆಯಬಹುದಾದಂತೆ, ಬ್ಯಾಂಕಿನ ಹೆಸರಿನಲ್ಲಿ ವಂಚಕರೂ ಪತ್ರ ಕಳುಹಿಸತೊಡಗಿದರು. ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಎಂಬ ತಪಾಸಣೆಗಳನ್ನು ಎರಡು ದಶಕಗಳಿಗೂ ಹೆಚ್ಚು ಕಾಲದ ನಂತರ ಮೇಲಿನಿಂದ ಜೋಡಿಸಬೇಕಾಯಿತು. ಆ ವೇಳೆಗೆ ಜಗತ್ತಿನಾದ್ಯಂತ ಹಳೆಯ ಕ್ರಮದಲ್ಲಿಯೇ ಸರ್ವರ್‌ಗಳು ನಡೆಯುತ್ತಿದ್ದುದರಿಂದ ಮೂಲ ನಿಯಮವನ್ನು ಬದಲಿಸುವುದು ಸಾಧ್ಯವಿರಲಿಲ್ಲ.

ವಿಧಾನ

ಮೊದಲು ದತ್ತಾಂಶ ಹರಿವಿನ ನಕ್ಷೆಯನ್ನು ಬರೆಯಲಾಗುತ್ತದೆ. ಬಳಕೆದಾರರು, ಸರ್ವರ್, ದತ್ತಸಂಚಯ ಹಾಗೂ ಅವುಗಳ ನಡುವೆ ಸಾಗುವ ಮಾಹಿತಿ ಇದರಲ್ಲಿರುತ್ತದೆ. ನಂಬಬಹುದಾದ ಭಾಗವು ನಂಬಲಾಗದ ಭಾಗವನ್ನು ಸಂಧಿಸುವೆಡೆ ಎಳೆಯುವ ಗೆರೆಗೆ ನಂಬಿಕೆಯ ಗಡಿ ಎಂದು ಹೆಸರು. ಹೆಚ್ಚಿನ ಬೆದರಿಕೆಗಳು ಕಾಣಸಿಗುವುದು ಈ ಗೆರೆಯ ಮೇಲೆಯೇ. ಪರೀಕ್ಷಾ ಫಲಿತಾಂಶದ ಜಾಲತಾಣವೊಂದರಲ್ಲಿ ವಿದ್ಯಾರ್ಥಿಯು ಲಾಗಿನ್ ಆಗಿ ಅಂಕಪಟ್ಟಿಯನ್ನು ತೆರೆಯುತ್ತಾನೆ ಎನ್ನೋಣ. ವಿಳಾಸಪಟ್ಟಿಯಲ್ಲಿರುವ ನೋಂದಣಿ ಸಂಖ್ಯೆಯನ್ನು ಬದಲಿಸಿದೊಡನೆ ಬೇರೊಬ್ಬರ ಅಂಕಪಟ್ಟಿ ತೆರೆದುಕೊಂಡರೆ, ಕೇಳಿದವರಿಗೆ ಅದನ್ನು ನೋಡುವ ಹಕ್ಕಿದೆಯೇ ಎಂಬ ಪ್ರಶ್ನೆಯನ್ನು ಗಡಿಯಲ್ಲಿ ಯಾರೂ ಇರಿಸಿರಲಿಲ್ಲವೆಂದೇ ಅರ್ಥ.

ಹೀಗೆ ಹುಡುಕಲು ನೆರವಾಗುವ ಪ್ರಸಿದ್ಧ ವರ್ಗೀಕರಣ ಸ್ಟ್ರೈಡ್. ಇದನ್ನು 1999ರಲ್ಲಿ ಮೈಕ್ರೋಸಾಫ್ಟ್‌ನ ಲೋರೆನ್ ಕೋನ್‌ಫೆಲ್ಡರ್ ಮತ್ತು ಪ್ರೇರಿತ್ ಗರ್ಗ್ ರೂಪಿಸಿದರು. ಪರರ ಸೋಗು ಹಾಕುವುದು, ಮಾಹಿತಿಯನ್ನು ತಿರುಚುವುದು, ಮಾಡಿದ ಕೃತ್ಯವನ್ನು ನಿರಾಕರಿಸುವುದು, ಮಾಹಿತಿ ಸೋರಿಕೆ, ಸೇವೆಗೆ ತಡೆಯೊಡ್ಡುವುದು, ಇಲ್ಲದ ಅಧಿಕಾರವನ್ನು ಪಡೆದುಕೊಳ್ಳುವುದು ಎಂಬ ಆರು ಬಗೆಗಳು ಇದರಲ್ಲಿವೆ. ಅದೇ ವರ್ಷ ಬ್ರೂಸ್ ಶ್ನೈಯರ್ ದಾಳಿಯ ಗುರಿಯನ್ನು ಬೇರಾಗಿಸಿ, ಅದನ್ನು ತಲುಪುವ ದಾರಿಗಳನ್ನು ಕೊಂಬೆಗಳಾಗಿ ತೋರಿಸುವ ದಾಳಿವೃಕ್ಷವನ್ನು ವಿವರಿಸಿದರು.

ಗುರುತಿಸಿದ ಬೆದರಿಕೆಯನ್ನು ನಿವಾರಿಸಬಹುದು, ತಗ್ಗಿಸಬಹುದು, ಬೇರೆಯವರ ಹೊಣೆಗೆ ವರ್ಗಾಯಿಸಬಹುದು ಅಥವಾ ತಿಳಿದೇ ಒಪ್ಪಿಕೊಳ್ಳಬಹುದು. ಒಪ್ಪಿಕೊಂಡದ್ದನ್ನು ಕಾರಣಸಹಿತ ದಾಖಲಿಸುವುದು ರೂಢಿಯಾದರೂ ಅವಸರದಲ್ಲಿ ಮೊದಲು ಕೈಬಿಟ್ಟುಹೋಗುವುದು ಇದೇ. ಬೆದರಿಕೆಗಳಿಗೆ ಅಂಕ ನೀಡುವ ಡ್ರೆಡ್ ಪದ್ಧತಿಯಲ್ಲಿ ಒಂದೇ ಬೆದರಿಕೆಗೆ ಒಬ್ಬೊಬ್ಬರು ಒಂದೊಂದು ಅಂಕ ಕೊಡುತ್ತಾರೆಂಬ ಟೀಕೆಯಿದೆ. ಹೊಸ ಸೌಲಭ್ಯ ಸೇರಿದಾಗಲೆಲ್ಲ ನಂಬಿಕೆಯ ಗಡಿಯೂ ಸರಿಯುವುದರಿಂದ ನಕ್ಷೆಯನ್ನು ಮತ್ತೆ ಪರಿಷ್ಕರಿಸಬೇಕಾಗುತ್ತದೆ.