ತಂಬುಳಿಯಲ್ಲಿ ಉಳಿದ ಮಜ್ಜಿಗೆಯ ಜೀವ

ಶರಾವತಿಯು ಘಟ್ಟವಿಳಿದು ಕಡಲಿನತ್ತ ಸಾಗುವ ಗೇರುಸೊಪ್ಪೆಯ ಸೀಮೆಯಲ್ಲಿ, ಹೊನ್ನಾವರ, ಕುಮಟಾ, ಭಟ್ಕಳದ ಹಳ್ಳಿಗಳಲ್ಲಿ, ಅದರಲ್ಲೂ ಹವ್ಯಕರ ಮನೆಗಳಲ್ಲಿ, ಮಜ್ಜಿಗೆಯು ಊಟದ ಕೊನೆಗಾಗಿ ಕಾಯದೆ ತಂಬುಳಿಯಾಗಿ ಮೊದಲ ಅನ್ನದ ಜೊತೆಗೇ ಎಲೆಗೆ ಬರುತ್ತದೆ. ಒಂದೆಲಗ, ದೊಡ್ಡಪತ್ರೆ ಅಥವಾ ದಾಳಿಂಬೆಯ ಸಿಪ್ಪೆಯನ್ನು ಜೀರಿಗೆ, ಕಾಳುಮೆಣಸುಗಳೊಡನೆ ತುಪ್ಪದಲ್ಲಿ ಹುರಿದು, ತೆಂಗಿನತುರಿ ಸೇರಿಸಿ ನುಣ್ಣಗೆ ಬೀಸಿ, ಕಡೆದ ಮಜ್ಜಿಗೆಯಲ್ಲಿ ಕದಡಿದರೆ ತಂಬುಳಿ ಸಿದ್ಧವಾಗುತ್ತದೆ. ತೆಳ್ಳಗೆ ಮಾಡಿದರೆ ಲೋಟದಲ್ಲಿ ಕುಡಿಯಲೂ ಬರುತ್ತದೆ.

ಈ ಪಾಕದ ಹೆಚ್ಚುಗಾರಿಕೆಯು ಮಜ್ಜಿಗೆಯನ್ನು ಒಲೆಯ ಮೇಲಿಡದಿರುವುದರಲ್ಲಿದೆ. ಹಾಲಿನಲ್ಲಿ ಶೇಕಡಾ 5ರ ಆಸುಪಾಸಿನಲ್ಲಿರುವ ಸಕ್ಕರೆಗೆ ಲ್ಯಾಕ್ಟೋಸ್ ಎಂದು ಹೆಸರು. ಅದನ್ನು ಒಡೆಯಲು ಸಣ್ಣಕರುಳು ಲ್ಯಾಕ್ಟೇಸ್ ಎಂಬ ಕಿಣ್ವವನ್ನು, ಅಂದರೆ ಪಚನಕ್ಕೆ ನೆರವಾಗುವ ವಸ್ತುವನ್ನು, ತಯಾರಿಸಬೇಕು. ಬಾಲ್ಯ ಕಳೆದ ಮೇಲೆ ಅನೇಕರಲ್ಲಿ ಈ ಕಿಣ್ವ ಕುಗ್ಗುವುದರಿಂದ ಹಾಲು ಕುಡಿದರೆ ಹೊಟ್ಟೆಯುಬ್ಬರ, ಭೇದಿ ಕಾಣಿಸಿಕೊಳ್ಳುತ್ತವೆ. ಹೆಪ್ಪಿನ ಮೂಲಕ ಹಾಲಿಗಿಳಿಯುವ ಬ್ಯಾಕ್ಟೀರಿಯಾಗಳು ಈ ಸಕ್ಕರೆಯ ಒಂದು ಭಾಗವನ್ನು ಲ್ಯಾಕ್ಟಿಕ್ ಆಮ್ಲವಾಗಿ ಮಾರ್ಪಡಿಸುತ್ತವೆ, ಮೊಸರಿನ ಹುಳಿ ಅದೇ; ಉಳಿದ ಸಕ್ಕರೆಯನ್ನು, ಅವು ಜೀವಂತವಾಗಿ ಕರುಳನ್ನು ಸೇರಿದರೆ, ಅವುಗಳ ಕಿಣ್ವವೂ ಅಲ್ಲಿ ಒಡೆಯಲು ನೆರವಾಗುತ್ತದೆ. ಮೊಸರಿನಂಥದೇ ಆದ ಯೋಗರ್ಟಿನ ಜೀವಂತ ಬ್ಯಾಕ್ಟೀರಿಯಾಗಳು ಲ್ಯಾಕ್ಟೋಸಿನ ಪಚನಕ್ಕೆ ನೆರವಾಗುತ್ತವೆಂಬುದನ್ನು ಐರೋಪ್ಯ ಆಹಾರ ಸುರಕ್ಷತಾ ಪ್ರಾಧಿಕಾರವು 2010ರಲ್ಲಿ ಒಪ್ಪಿಕೊಂಡಿದೆ. ಕುದಿಸಿದ ಮಜ್ಜಿಗೆಹುಳಿಯಲ್ಲಿ ಈ ಜೀವಿಗಳು ಉಳಿಯುವುದಿಲ್ಲ; ಅದರ ರುಚಿಗೆ ಕೊರತೆಯಿಲ್ಲ, ಆದರೆ ಕರುಳಿನ ಮಟ್ಟಿಗೆ ತಂಬುಳಿಯದೇ ಮೇಲುಗೈ.

ಮಜ್ಜಿಗೆಯ ವಿಚಾರ ನಮ್ಮಲ್ಲಿ ಬಹಳ ಹಳೆಯದು. ಚರಕಸಂಹಿತೆಯು ತಕ್ರವನ್ನು, ಅಂದರೆ ಮಜ್ಜಿಗೆಯನ್ನು, ಪಚನಶಕ್ತಿ ಕೆಟ್ಟು ಬರುವ ಗ್ರಹಣಿಗೂ ಮೂಲವ್ಯಾಧಿಗೂ ಹೇಳಿದೆ. ಯೂರೋಪಿನಲ್ಲಿ ಹುಳಿಹಾಲಿನ ಗುಣವನ್ನು ಜನರ ಮುಂದಿಟ್ಟವನು 1908ರ ನೊಬೆಲ್ ಪುರಸ್ಕೃತ ಇಲ್ಯಾ ಮೆಚ್ನಿಕಾಫ್. ಅದರಿಂದ ಆಯುಸ್ಸು ಬೆಳೆಯುವುದೆಂಬ ಅವನ ಮಾತು ಅತಿಯಾದರೂ, ಕರುಳಿನ ಸೂಕ್ಷ್ಮಜೀವಿಗಳತ್ತ ವಿಜ್ಞಾನದ ಗಮನ ಹರಿದುದರಲ್ಲಿ ಅವನ ಪಾಲು ದೊಡ್ಡದು.

ಪೋಷಣೆಯ ಲೆಕ್ಕದಲ್ಲಿ, ಬೆಣ್ಣೆ ತೆಗೆದುದರಿಂದ ಮಜ್ಜಿಗೆಯ ಕೊಬ್ಬು ಬಹುಮಟ್ಟಿಗೆ ಕಳೆದುಹೋದರೂ ಸುಣ್ಣಾಂಶ, ಪ್ರೋಟೀನು ಮತ್ತು ಸಸ್ಯಾಹಾರಿಗಳಿಗೆ ಅಪರೂಪವಾದ ಬಿ12 ಜೀವಸತ್ವ ಅದರಲ್ಲೇ ಉಳಿಯುತ್ತವೆ. 100 ಗ್ರಾಂ ಮೊಸರಿನಲ್ಲಿ ಸುಮಾರು 120 ಮಿಲಿಗ್ರಾಂ ಸುಣ್ಣಾಂಶವಿದ್ದು, ಸಮಪಾಲು ನೀರು ಬೆರೆಸಿದರೆ ಅಷ್ಟೇ ತೂಕದ ಮಜ್ಜಿಗೆಯಲ್ಲಿ ಅದರ ಅರ್ಧ ಸಿಗುತ್ತದೆ. ಕರಾವಳಿಯ ಬೇಸಿಗೆಯಲ್ಲಿ ಬೆವರಿನೊಡನೆ ಹೋಗುವ ನೀರನ್ನೂ ಲವಣವನ್ನೂ ಉಪ್ಪು ಹಾಕಿದ ನೀರುಮಜ್ಜಿಗೆ ಮರಳಿಸುತ್ತದೆ. ಭೇದಿಯಾದಾಗ ಮನೆಯಲ್ಲೇ ಕೊಡಬಹುದಾದ ದ್ರವಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಉಪ್ಪು ಬೆರೆಸಿದ ಮೊಸರಿನ ಪಾನೀಯವನ್ನೂ ಸೇರಿಸಿದೆ. ಅಧಿಕ ರಕ್ತದೊತ್ತಡವುಳ್ಳವರು ಮಾತ್ರ ಉಪ್ಪನ್ನು ತಗ್ಗಿಸಬೇಕು.

ಮನೆಯಲ್ಲಿ ತಂಬುಳಿ ಮಾಡುವವರು, ಬಿಸಿಗೆ ಮಜ್ಜಿಗೆಯ ಬ್ಯಾಕ್ಟೀರಿಯಾಗಳು ಸಾಯದಂತೆ, ಹುರಿದ ಸೊಪ್ಪು ಪೂರ್ತಿ ಆರಿದ ಮೇಲೆಯೇ ಬೀಸಿ, ಅಂದಿನ ಮಜ್ಜಿಗೆಗೆ ಬೆರೆಸಿ, ಅಂದೇ ಉಣ್ಣಲಿ.