ಸ್ಥಿರ ದೂರವಾಣಿ ಬಿಲ್: ಯೂನಿಟ್ ಲೆಕ್ಕ ಹೋಯಿತು, ದಿನಗಳ ಲೆಕ್ಕ ಬಂತು

ಮಡಿಕೇರಿ: ಮಳೆಗಾಲದಲ್ಲಿ ಮರ ಬಿದ್ದು ತಂತಿ ತುಂಡಾದರೆ ಕೊಡಗಿನ ತೋಟದ ಮನೆಗಳ ದೂರವಾಣಿ ದಿನಗಟ್ಟಲೆ ಮೂಕವಾಗುವುದುಂಟು. ಆದರೆ ತಿಂಗಳ ಬಿಲ್ ತಪ್ಪದೆ ಬರುತ್ತದೆ. ಒಂದೂ ಕರೆ ಮಾಡದ ತಿಂಗಳಿಗೂ ಪೂರ್ತಿ ಹಣವೇಕೆ ಎಂಬ ಪ್ರಶ್ನೆ ಚಂದಾದಾರರಿಗೆ ಏಳುವುದು ಸಹಜ. ಉತ್ತರ ತಿಳಿಯಬೇಕಾದರೆ ಸ್ಥಿರ ದೂರವಾಣಿಯ ಶುಲ್ಕ ಲೆಕ್ಕ ಹಾಕುವ ಕ್ರಮ ಮತ್ತು ಅದು ಬದಲಾದ ಬಗೆಯನ್ನು ಅರಿಯಬೇಕು.

ನಿಮಿಷವಲ್ಲ, ಯೂನಿಟ್

ಹಳೆಯ ಬಿಲ್‌ನಲ್ಲಿ ಎರಡು ಮುಖ್ಯ ಭಾಗಗಳಿದ್ದವು: ಬಾಡಿಗೆ ಮತ್ತು ಕರೆ ಶುಲ್ಕ. ಕರೆ ಶುಲ್ಕವನ್ನು ನಿಮಿಷಗಳಲ್ಲಿ ಅಳೆಯುತ್ತಿರಲಿಲ್ಲ. ವಿನಿಮಯ ಕೇಂದ್ರದ ಮೀಟರ್ ದಾಖಲಿಸಿದ ಯೂನಿಟ್‌ಗಳಲ್ಲಿ ಅಳೆಯಲಾಗುತ್ತಿತ್ತು. ಎರಡು ತಿಂಗಳ ಆರಂಭದ ಮತ್ತು ಅಂತ್ಯದ ಅಂಕಿಗಳ ವ್ಯತ್ಯಾಸವೇ ಬಳಕೆ. ಅದರಲ್ಲಿ ಉಚಿತ ಕರೆಗಳನ್ನು ಕಳೆದು ಉಳಿದ ಯೂನಿಟ್‌ಗಳಿಗೆ ದರ ಹಾಕಲಾಗುತ್ತಿತ್ತು.

ಸ್ಥಳೀಯ ಕರೆಯ ಒಂದು ಯೂನಿಟ್‌ಗೆ ಮೊದಲು ಐದು ನಿಮಿಷಗಳ ಅವಧಿಯಿತ್ತು. 1999ರ ಮೇ 1ರಿಂದ ಅದು ಮೂರು ನಿಮಿಷಕ್ಕೆ ಇಳಿಯಿತು. ಮೂರು ನಿಮಿಷ ಮುಗಿದು ಐದು ಸೆಕೆಂಡ್ ಹೆಚ್ಚು ಮಾತನಾಡಿದರೂ ಎರಡನೇ ಯೂನಿಟ್ ಪೂರ್ತಿ ಬೀಳುತ್ತಿತ್ತು. ಹೀಗಾಗಿ ಹತ್ತು ನಿಮಿಷದ ಒಂದೇ ಕರೆಗೆ ನಾಲ್ಕು ಯೂನಿಟ್ ಆದರೆ, ಒಂದೊಂದು ನಿಮಿಷದ ಹತ್ತು ಕರೆಗಳಿಗೆ ಹತ್ತು ಯೂನಿಟ್ ಆಗುತ್ತಿತ್ತು. 'ನಾವು ಹೆಚ್ಚು ಮಾತನಾಡಿಯೇ ಇಲ್ಲ' ಎಂಬ ಅನೇಕ ಮನೆಗಳ ದೂರಿನ ಹಿಂದೆ ಈ ಗಣಿತವಿತ್ತು.

ಎಸ್‌ಟಿಡಿ ಕರೆಗಳಲ್ಲಿ ಯೂನಿಟ್‌ನ ಬೆಲೆ ಬದಲಾಗುತ್ತಿರಲಿಲ್ಲ, ಅದರ ಅವಧಿ ಕುಗ್ಗುತ್ತಿತ್ತು. ದೂರ ಹೆಚ್ಚಿದಷ್ಟೂ ಮೀಟರ್ ವೇಗವಾಗಿ ಓಡುತ್ತಿತ್ತು. ರಾತ್ರಿ ರಿಯಾಯಿತಿ ಅವಧಿಯಲ್ಲಿ ಅದೇ ಮೀಟರ್ ನಿಧಾನವಾಗುತ್ತಿತ್ತು. ರಾತ್ರಿ ಊಟದ ಬಳಿಕ ಎಸ್‌ಟಿಡಿ ಬೂತ್‌ಗಳ ಮುಂದೆ ಜನ ಕಾಯುತ್ತಿದ್ದುದು ಇದಕ್ಕಾಗಿಯೇ.

ಮೂರು ಕೋಡ್‌ಗಳ ಜಿಲ್ಲೆ

ಕೊಡಗಿನಲ್ಲಿ ಮೂರು ಕೋಡ್‌ಗಳಿವೆ: ಮಡಿಕೇರಿಗೆ 08272, ವಿರಾಜಪೇಟೆಗೆ 08274, ಸೋಮವಾರಪೇಟೆಗೆ 08276. ಇವು ಜಿಲ್ಲೆಯಲ್ಲಿ ಮೂರೇ ತಾಲೂಕುಗಳಿದ್ದ ಕಾಲದ ವಿಭಾಗಗಳು. ಮುಂದೆ ಕುಶಾಲನಗರ ಮತ್ತು ಪೊನ್ನಂಪೇಟೆ ಪ್ರತ್ಯೇಕ ತಾಲೂಕುಗಳಾದರೂ ಕೋಡ್ ಬದಲಾಗಲಿಲ್ಲ. ಕುಶಾಲನಗರ ಇಂದಿಗೂ 08276ರಲ್ಲಿದೆ, ಪೊನ್ನಂಪೇಟೆ 08274ರಲ್ಲಿದೆ.

ದೂರವಾಣಿ ಇಲಾಖೆಯ ಭಾಷೆಯಲ್ಲಿ ಪ್ರತಿ ಕೋಡ್ ಒಂದು ಶುಲ್ಕ ವಲಯ. ಎಸ್‌ಟಿಡಿ ದೂರವನ್ನು ಮನೆಯಿಂದ ಮನೆಗೆ ಅಳೆಯುತ್ತಿರಲಿಲ್ಲ, ಘಾಟಿ ರಸ್ತೆಯ ತಿರುವುಗಳನ್ನೂ ಎಣಿಸುತ್ತಿರಲಿಲ್ಲ. ವಲಯ ಕೇಂದ್ರಗಳ ನಡುವೆ ಹಕ್ಕಿ ಹಾರುವ ನೇರ ದೂರವೇ ಲೆಕ್ಕ. ಕುಟ್ಟದಿಂದ ಗಡಿಯಾಚೆಯ ವಯನಾಡಿನ ತೋಲ್ಪೆಟ್ಟಿ ಕೆಲವೇ ಕಿಲೋಮೀಟರ್ ದೂರದಲ್ಲಿದ್ದರೂ ಒಂದು ವಿರಾಜಪೇಟೆಯ ವಲಯ, ಇನ್ನೊಂದು ಮಾನಂದವಾಡಿಯ ವಲಯ.

ಮಡಿಕೇರಿಯವರು ಹತ್ತಿರದ ಸುಂಟಿಕೊಪ್ಪಕ್ಕೆ ಮಾತನಾಡಲೂ 08276 ಒತ್ತಬೇಕಾಗಿತ್ತು. ಆದರೆ ಕೋಡ್ ಒತ್ತಿದ ಮಾತ್ರಕ್ಕೆ ಎಸ್‌ಟಿಡಿ ದರ ಬೀಳುತ್ತದೆ ಎಂಬುದು ತಪ್ಪು ತಿಳಿವಳಿಕೆ. 2000ರ ದಶಕದಲ್ಲಿ 50 ಕಿ.ಮೀ. ಒಳಗಿನ ಇಂಥ ಕರೆಗಳು ಸ್ಥಳೀಯ ದರಕ್ಕೇ ಬಂದವು. ನೆರೆಯ ಊರುಗಳಿಗೆ ಸೊನ್ನೆಯ ಬದಲು 95 ಒತ್ತುತ್ತಿದ್ದುದು ಅದೇ ದಶಕದ ನೆನಪು.

ದೂರ ಅಳಿಸಿದ ವರ್ಷಗಳು

2006ರ ಮಾರ್ಚ್ 1ರಂದು ಬಿಎಸ್‌ಎನ್‌ಎಲ್ 'ಒನ್ ಇಂಡಿಯಾ' ಯೋಜನೆ ಜಾರಿಗೊಳಿಸಿ, ದೇಶದ ಯಾವ ಮೂಲೆಗಾದರೂ ನಿಮಿಷಕ್ಕೆ ಒಂದು ರೂಪಾಯಿ ಎಂದಿತು. ಬೆಂಗಳೂರಿನ ಮಗನಿಗೂ ದೆಹಲಿಯ ಸೈನಿಕನಿಗೂ ಒಂದೇ ದರವಾಯಿತು. ಸೇನೆಯಲ್ಲಿ ದುಡಿಯುವವರು ಮನೆಮನೆಗಳಲ್ಲಿರುವ ಕೊಡಗಿಗೆ ಇದು ಸಣ್ಣ ಬದಲಾವಣೆಯಾಗಿರಲಿಲ್ಲ.

ಒಂದು ಕಂಪನಿಯ ಕರೆಯನ್ನು ಮತ್ತೊಂದು ಕಂಪನಿ ತನ್ನ ಚಂದಾದಾರನಿಗೆ ತಲುಪಿಸಲು ಪಡೆಯುತ್ತಿದ್ದ ಶುಲ್ಕವನ್ನು, ಸ್ಥಿರ ದೂರವಾಣಿಗೆ ಸಂಬಂಧಿಸಿದ ಕರೆಗಳ ಮಟ್ಟಿಗೆ, ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ (ಟ್ರಾಯ್) 2015ರ ಮಾರ್ಚ್‌ನಿಂದ ಸೊನ್ನೆಗೆ ಇಳಿಸಿತು. ಅದೇ ಮೇ 1ರಿಂದ ಬಿಎಸ್‌ಎನ್‌ಎಲ್ ರಾತ್ರಿ 9ರಿಂದ ಬೆಳಗ್ಗೆ 7ರವರೆಗೆ ಉಚಿತ ಕರೆ ನೀಡಿತು. ಕ್ರಮೇಣ ದೇಶದೊಳಗಿನ ಕರೆಗಳೆಲ್ಲ ಮಾಸಿಕ ಶುಲ್ಕದಲ್ಲೇ ಸೇರಿರುವ ಯೋಜನೆಗಳು ಬಂದವು. ಫೈಬರ್ ಸಂಪರ್ಕಗಳಲ್ಲಿ ಈಗ ಇದೇ ಸಾಮಾನ್ಯ ಕ್ರಮ.

ಈಗ ಗಮನಿಸಬೇಕಾದುದು

ಇಂದಿನ ಬಿಲ್‌ನ ಮುಖ್ಯ ಅಂಶ ಕರೆಯಲ್ಲ, ನಿಗದಿತ ಮಾಸಿಕ ಶುಲ್ಕ. ಆದ್ದರಿಂದ ಮೊದಲು ನೋಡಬೇಕಾದುದು ಯೋಜನೆಯ ಹೆಸರು. ಮಿತಿಯಿಲ್ಲದ ಕರೆಯ ಯೋಜನೆಯೋ, ಯೂನಿಟ್ ಎಣಿಸುವ ಹಳೆಯ ಯೋಜನೆಯೋ ಎಂಬುದು ಅದರಿಂದ ಗೊತ್ತಾಗುತ್ತದೆ. ವಿದೇಶಿ ಕರೆಗಳಿಗೆ ಸಾಮಾನ್ಯವಾಗಿ ಪ್ರತ್ಯೇಕ ಶುಲ್ಕವಿರುತ್ತದೆ. ತಡವಾಗಿ ಪಾವತಿಸಿದರೆ ದಂಡವೂ ಸೇರುತ್ತದೆ. ಒಟ್ಟು ಶುಲ್ಕದ ಮೇಲೆ ಶೇ. 18 ಜಿಎಸ್‌ಟಿ ಇದೆ. ಮಾಸಿಕ ಶುಲ್ಕ 300 ರೂ. ಎಂದಿಟ್ಟುಕೊಂಡರೆ ಕಟ್ಟಬೇಕಾದುದು 354 ರೂ. ಮೊಬೈಲ್ ಸಂಖ್ಯೆಗೆ ಕರೆ ಮಾಡುವಾಗ 2021ರ ಜನವರಿ 15ರಿಂದ ಸೊನ್ನೆ ಒತ್ತುವುದು ಕಡ್ಡಾಯವಾಗಿದೆ. ಅದು ಸಂಖ್ಯಾ ವ್ಯವಸ್ಥೆಯ ಬದಲಾವಣೆ ಮಾತ್ರ, ಎಸ್‌ಟಿಡಿ ದರವಲ್ಲ.

ಇನ್ನು ಮೂಕ ದೂರವಾಣಿಯ ಪ್ರಶ್ನೆ. ಟ್ರಾಯ್‌ನ 2009ರ ಸೇವಾ ಗುಣಮಟ್ಟ ನಿಯಮಗಳು ಇದಕ್ಕೆ ಬಾಡಿಗೆ ರಿಯಾಯಿತಿ ನಿಗದಿಪಡಿಸಿದ್ದವು. ದುರಸ್ತಿಗೆ ಮೂರು ದಿನ ಮೀರಿದರೆ ಏಳು ದಿನಗಳ, ಏಳು ದಿನ ಮೀರಿದರೆ ಹದಿನೈದು ದಿನಗಳ, ಹದಿನೈದು ದಿನ ಮೀರಿದರೆ ಒಂದು ತಿಂಗಳ ಬಾಡಿಗೆಯನ್ನು ಬಿಟ್ಟುಕೊಡಬೇಕಿತ್ತು. ಅವುಗಳ ಸ್ಥಾನಕ್ಕೆ 2024ರಲ್ಲಿ ಹೊಸ ನಿಯಮಗಳು ಬಂದಿದ್ದು, ಮೂರು ದಿನ ಮೀರಿದ ದೋಷಕ್ಕೆ ರಿಯಾಯಿತಿ ನೀಡುವ ತತ್ತ್ವ ಮುಂದುವರಿದಿದೆ.

ಆದರೆ ದಿನಗಳ ಎಣಿಕೆ ಆರಂಭವಾಗುವುದು ತಂತಿ ತುಂಡಾದ ದಿನದಿಂದಲ್ಲ, ದೂರು ದಾಖಲಾದ ದಿನದಿಂದ. ಪಕ್ಕದ ಮನೆಯವರು ಹೇಳಿರಬಹುದೆಂದು ಸುಮ್ಮನಿದ್ದರೆ ಹಕ್ಕು ಕೈತಪ್ಪುತ್ತದೆ. ಬೇರೆ ಫೋನ್‌ನಿಂದಾದರೂ ದೂರು ನೀಡಿ, ಅದರ ಸಂಖ್ಯೆ ಮತ್ತು ದಿನಾಂಕವನ್ನು ಬರೆದಿಟ್ಟುಕೊಳ್ಳಬೇಕು. ಮುಂದಿನ ಬಿಲ್‌ನಲ್ಲಿ ರಿಯಾಯಿತಿ ಕಾಣದಿದ್ದರೆ ಬಿಲ್ ಕುರಿತು ಪ್ರತ್ಯೇಕ ದೂರು ಸಲ್ಲಿಸಬಹುದು. ಅಲ್ಲೂ ಪರಿಹಾರ ಸಿಗದಿದ್ದರೆ, 2012ರ ನಿಯಮಗಳ ಪ್ರಕಾರ, ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಲು ಅವಕಾಶವಿದೆ.

ಹಿಂದೆ ಚಂದಾದಾರರು ಫೋನ್ ಪಕ್ಕದ ಪುಸ್ತಕದಲ್ಲಿ ಕರೆಗಳನ್ನು ಗುರುತು ಹಾಕುತ್ತಿದ್ದರು. ಈಗ ಅದೇ ಪುಸ್ತಕದಲ್ಲಿ ಫೋನ್ ಕೆಟ್ಟ ದಿನ, ದೂರಿನ ಸಂಖ್ಯೆ ಮತ್ತು ಸರಿಯಾದ ದಿನ, ಈ ಮೂರನ್ನು ಬರೆದಿಟ್ಟರೆ ಸಾಕು.